ದಾರಿ ಗೊತ್ತಿರುವುದು ಮೋಸವೇ?

ಫೆಬ್ರುವರಿಯಲ್ಲಿ ನಮ್ಮ ಭಾಗದಲ್ಲಿ ಒಂದು ಬೈಕ್ ರ‍್ಯಾಲಿ ನಡೆದದ್ದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿದೆ. ಬೆಳಿಗ್ಗೆ ಜಮಖಂಡಿಯಿಂದ ಹೊರಟು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹಳ್ಳಿ ದಾರಿಗಳನ್ನು ಸುತ್ತಿ ಸಂಜೆ ಮತ್ತೆ ಜಮಖಂಡಿಗೆ ಬರಬೇಕಿತ್ತು. ಒಟ್ಟು ದೂರ ಇನ್ನೂರು ಕಿ.ಮೀ.ಗಿಂತ ಹೆಚ್ಚು. ನನ್ನ ಮಾಮೂನ ಮಗ, ನಾವು ಮನೆಯಲ್ಲಿ ಭೈಯ್ಯಾ ಎನ್ನುವವನು, ದಿನಾ ಡೇರಿಗೆ ಹಾಲಿನ ಕ್ಯಾನು ಒಯ್ಯುವ ಹಳೆಯ ಸ್ಪ್ಲೆಂಡರ್ ಮೇಲೆಯೇ ಅದರಲ್ಲಿ ಭಾಗವಹಿಸಿದ. ಎಲ್ಲರಿಗಿಂತ ಕಡಿಮೆ ದಂಡದ ಅಂಕ ಅವನಿಗೇ ಇತ್ತು. ಆದರೆ ಸಂಜೆ ಬಹುಮಾನ ಕೊಡುವಾಗ ಮೊದಲ ಸ್ಥಾನಕ್ಕೆ ಅವನ ಹೆಸರು ಕೂಗಲಿಲ್ಲ. ‘ಇವನು ಇಲ್ಲಿಯವನೇ, ದಾರಿ ಮೊದಲೇ ಗೊತ್ತಿತ್ತು’ ಎಂದು ಹೊರಗಿನಿಂದ ಬಂದ ಕೆಲವರು ತಕರಾರು ಮಾಡಿದ್ದರು. ಸಂಘಟಕರು ಅವನಿಗೆ ಒಂದು ಸಮಾಧಾನಕರ ಬಹುಮಾನ ಕೊಟ್ಟು ಕಳುಹಿಸಿದರು.

ಮನೆಗೆ ಬಂದು ಭೈಯ್ಯಾ ಹೇಳಿದ್ದು ಒಂದೇ ಮಾತು: ‘ಶರತ್ ಪೈಲೇಚ್ ಬೋಲ್ನಾ ಥಾ.’ ಶರತ್ತನ್ನು ಮೊದಲೇ ಹೇಳಬೇಕಿತ್ತು ಎಂದರ್ಥ.

ಅಂದಿನಿಂದ ನಮ್ಮ ಕ್ಲಾಸಿನಲ್ಲಿ ಇದೇ ಚರ್ಚೆ. ಅರ್ಧ ಜನ ಅವನಿಗೆ ಅನ್ಯಾಯವಾಯಿತು ಎನ್ನುತ್ತಾರೆ, ಅರ್ಧ ಜನ ಊರಿನವನು ಗೆದ್ದರೆ ಅದೇನು ಗೆಲುವು ಎನ್ನುತ್ತಾರೆ. ನನಗಿನ್ನೂ ಹದಿನೇಳು ವರ್ಷ. ಲೈಸೆನ್ಸ್ ಇಲ್ಲ, ಗಾಡಿಯ ಹಿಂದಿನ ಸೀಟೇ ನನ್ನದು. ಆದರೂ ಈ ವಿಷಯದಲ್ಲಿ ನನ್ನ ಅಭಿಪ್ರಾಯ ಹೇಳಬೇಕು ಎನಿಸಿದೆ. ಕೊನೆಯಲ್ಲಿ ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಇದೆ. ಸಂಘಟಕರ ಹೆಸರು ಇಲ್ಲಿ ಬೇಡ, ಜಗಳ ನನ್ನ ಉದ್ದೇಶವಲ್ಲ.

ಮೊದಲು ಈ ಸ್ಪರ್ಧೆ ಎಂಥದು ಎಂದು ತಿಳಿಯಬೇಕು. ಇದು ಜೋರಾಗಿ ಓಡಿಸುವ ರೇಸ್ ಅಲ್ಲ. ಸಮಯ, ವೇಗ, ದೂರ ಮೂರನ್ನೂ ಲೆಕ್ಕ ಹಿಡಿಯುವ ರ‍್ಯಾಲಿ. ಗಂಟೆಗೆ ಸರಾಸರಿ 40 ಕಿ.ಮೀ. ವೇಗದಲ್ಲಿ 36 ಕಿ.ಮೀ. ಹೋಗಬೇಕು ಎಂದರೆ ಸರಿಯಾಗಿ 54 ನಿಮಿಷಕ್ಕೆ ಅಲ್ಲಿರಬೇಕು. ತಡವಾದರೂ ದಂಡ, ಬೇಗ ಬಂದರೂ ದಂಡ. ಸಮಯ ನೋಡುವವರು ಎಲ್ಲಿ ಕುಳಿತಿರುತ್ತಾರೆ ಎಂದು ಸವಾರನಿಗೆ ಹೇಳುವುದಿಲ್ಲ. ಆದ್ದರಿಂದ ಒಳದಾರಿ ಹಿಡಿದು ಬೇಗ ಬರುತ್ತೇನೆ ಎಂದರೆ ನಡೆಯುವುದಿಲ್ಲ, ಅವರು ಹೇಳಿದ ದಾರಿಯಲ್ಲೇ ಹೋಗಬೇಕು. ಆ ದಾರಿಯನ್ನು ಹೇಳುವುದು ರೋಡ್ ಬುಕ್. ಅದರಲ್ಲಿ ನಕಾಶೆ ಇರುವುದಿಲ್ಲ. ಇಷ್ಟು ದೂರಕ್ಕೆ ಎಡಕ್ಕೆ, ಇಷ್ಟು ದೂರಕ್ಕೆ ಬಲಕ್ಕೆ ಎಂದು ಸಣ್ಣ ಸಣ್ಣ ಬಾಣದ ಚಿತ್ರಗಳಿರುತ್ತವೆ.

ಹಾಗಾದರೆ ಭೈಯ್ಯಾನಿಗೆ ಲಾಭ ಆದದ್ದು ಎಲ್ಲಿ? ಚಿಕ್ಕಪಡಸಲಗಿ ಹತ್ತಿರ ಕಬ್ಬಿನ ಹೊಲಗಳ ನಡುವಿನ ಬಂಡಿದಾರಿಯಲ್ಲಿ. ರೋಡ್ ಬುಕ್ಕಿನಲ್ಲಿ ‘ಎರಡನೇ ಹಳ್ಳ ದಾಟಿದ ಕೂಡಲೇ ಎಡಕ್ಕೆ’ ಎಂದಿತ್ತು. ಅಲ್ಲಿ ಎರಡು ಹಳ್ಳ ಇರುವುದು ನಿಜ. ಆದರೆ ಮೊದಲನೆಯದು ಫೆಬ್ರುವರಿಯಲ್ಲಿ ಒಣಗಿ, ಕಬ್ಬಿನ ರವದಿ ತುಂಬಿಕೊಂಡು ದಾರಿಯ ಮಟ್ಟಕ್ಕೇ ಬಂದಿರುತ್ತದೆ. ಮಳೆಗಾಲದಲ್ಲಿ ಅಲ್ಲಿ ಸೊಂಟದ ತನಕ ನೀರು ನೋಡಿದವರಿಗೆ ಮಾತ್ರ ಅದು ಹಳ್ಳ. ಹೊಸಬರಿಗೆ ಅದೊಂದು ತಗ್ಗು, ಅಷ್ಟೇ. ಅವರು ಎರಡನೇ ಹಳ್ಳವನ್ನೇ ಮೊದಲನೆಯದು ಎಂದುಕೊಂಡು ಮುಂದೆ ಹೋದರು. ಮುಂದೆ ಹೋದರೆ ಕೃಷ್ಣಾ ನದಿಯ ದಂಡೆ. ಹತ್ತಾರು ಮಂದಿ ಹೋಗಿ ಮರಳಿ ಬಂದರು. ಭೈಯ್ಯಾ ಮಾತ್ರ ನಿಲ್ಲದೆ ಎಡಕ್ಕೆ ಹೊರಳಿದ.

ತಕರಾರು ಮಾಡಿದವರ ಮಾತನ್ನೂ ಕೇಳೋಣ. ಅವರಲ್ಲಿ ಒಬ್ಬರು ಹುಬ್ಬಳ್ಳಿಯಿಂದ ಬಂದಿದ್ದರು. ಅವರೂ ಅಷ್ಟೇ ಪ್ರವೇಶ ಶುಲ್ಕ ಕಟ್ಟಿದ್ದಾರೆ, ನಸುಕಿನಲ್ಲಿ ಎದ್ದು ಅಷ್ಟು ದೂರದಿಂದ ಬಂದಿದ್ದಾರೆ, ಗಾಡಿಯನ್ನು ತಪ್ಪಿಲ್ಲದೆ ಓಡಿಸಿದ್ದಾರೆ. ಒಂದು ಒಣ ಹಳ್ಳ ಗುರುತು ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಬಿದ್ದರೆ ಅವರಿಗೆ ಸಿಟ್ಟು ಬರುವುದು ಸಹಜ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

ಆದರೆ ಆ ಸಿಟ್ಟು ತಲುಪಬೇಕಾದದ್ದು ಯಾರಿಗೆ? ರೋಡ್ ಬುಕ್ ಬರೆದವರಿಗೆ. ಓದಿದವರಿಗೆಲ್ಲ ಒಂದೇ ಅರ್ಥ ಬರುವಂತೆ ಬರೆಯುವುದು ಅವರ ಕೆಲಸ. ಹಾಲು ಒಯ್ಯುವವನಿಗೆ ದಾರಿ ಗೊತ್ತಿರುವುದು ಅಪರಾಧವಲ್ಲ.

ಈ ಪ್ರಶ್ನೆ ನಮ್ಮ ತಾಲ್ಲೂಕಿಗೆ ಮಾತ್ರ ಬಂದದ್ದಲ್ಲ. ಜಗತ್ತಿನ ಅತಿ ಕಠಿಣ ರ‍್ಯಾಲಿ ಎನ್ನುವ ಡಾಕಾರ್ ರ‍್ಯಾಲಿಯಲ್ಲೂ ಇದೇ ತಲೆನೋವು ಇದೆ. ಅದು 1978ರ ಡಿಸೆಂಬರಿನಲ್ಲಿ ಪ್ಯಾರಿಸಿನಿಂದ ಸೆನೆಗಲ್ ದೇಶದ ಡಾಕಾರ್ ನಗರಕ್ಕೆ ಹೊರಟ ಸ್ಪರ್ಧೆಯಾಗಿ ಶುರುವಾಯಿತು. 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆಯಿತು, 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಇದರಲ್ಲಿ ನಮ್ಮ ಕರ್ನಾಟಕದವರೂ ಹೆಸರು ಮಾಡಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ 36ನೇ ಸ್ಥಾನ ಪಡೆದು ಡಾಕಾರ್ ಮುಗಿಸಿದ ಮೊದಲ ಭಾರತೀಯ ಸವಾರರಾದರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರು ದೇಶದ ಮರಳಿನಲ್ಲಿ ಓಡಿಸಿ 37ನೇ ಸ್ಥಾನದಲ್ಲಿ ಮುಗಿಸಿದರು. ಬೆಂಗಳೂರಿನಲ್ಲಿ ಮರಳುಗುಡ್ಡ ಇಲ್ಲ. ಉಡುಪಿಯಲ್ಲಿ ಇರುವ ಮರಳು ಸಮುದ್ರದ ದಂಡೆಯದು. ಅಂದರೆ ಇವರಿಬ್ಬರೂ ಹೋದದ್ದು ಪರರ ನೆಲಕ್ಕೆ, ನಮ್ಮಲ್ಲಿಗೆ ಬಂದ ಹುಬ್ಬಳ್ಳಿಯವರ ಹಾಗೆ.

ಅಲ್ಲಿ ಮೊದಲು ರೋಡ್ ಬುಕ್ಕನ್ನು ಹಿಂದಿನ ದಿನ ಸಂಜೆಯೇ ಕೊಡುತ್ತಿದ್ದರು. ಸವಾರರು ರಾತ್ರಿ ಕುಳಿತು ಬಣ್ಣದ ಪೆನ್ನಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಆದರೆ ದುಡ್ಡಿರುವ ದೊಡ್ಡ ತಂಡಗಳು ಇದಕ್ಕಾಗಿಯೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡವು. ಅವರನ್ನು ‘ಮ್ಯಾಪ್ ಮೆನ್’ ಎನ್ನುತ್ತಿದ್ದರು. ಅವರು ರಾತ್ರಿಯೆಲ್ಲ ರೋಡ್ ಬುಕ್ಕನ್ನು ಉಪಗ್ರಹದ ಚಿತ್ರಗಳ ಜೊತೆ ಹೋಲಿಸಿ ಎಲ್ಲಿ ಹೊರಳಬೇಕು, ಎಲ್ಲಿ ದಾರಿ ತಪ್ಪಬಹುದು ಎಂದು ಬೆಳಗಾಗುವುದರೊಳಗೆ ತಮ್ಮ ಸವಾರನ ಕೈಗೆ ಕೊಡುತ್ತಿದ್ದರು. ಒಬ್ಬನೇ ಬಂದ ಬಡ ಸವಾರ ಟೆಂಟಿನಲ್ಲಿ ಟಾರ್ಚ್ ಹಿಡಿದು ತಾನೇ ಓದಿಕೊಳ್ಳಬೇಕಿತ್ತು. ಇದು ಸರಿಯಲ್ಲ ಎಂದು ಸಂಘಟಕರಿಗೆ ಅನಿಸಿತು. 2020ರಲ್ಲಿ ಕೆಲವು ಹಂತಗಳಿಗೆ, 2021ರಿಂದ ಎಲ್ಲ ಹಂತಗಳಿಗೆ ರೋಡ್ ಬುಕ್ಕನ್ನು ಬೆಳಿಗ್ಗೆ, ಹೊರಡುವ ಸ್ವಲ್ಪ ಮೊದಲು ಕೊಡತೊಡಗಿದರು. ಬಣ್ಣವನ್ನೂ ತಾವೇ ಹಾಕಿ ಕೊಟ್ಟರು.

ಅವರು ತಡೆದದ್ದು ಏನನ್ನು ಎಂದು ಗಮನಿಸಿ. ದುಡ್ಡು ಕೊಟ್ಟು ಕೊಳ್ಳುವ ತಿಳಿವಳಿಕೆಯನ್ನು ತಡೆದರು. ಮರುಭೂಮಿಯಲ್ಲಿ ಹುಟ್ಟಿದವನಿಗೆ ನೀನು ಇಲ್ಲಿಯವನು, ಬರಬೇಡ ಎನ್ನಲಿಲ್ಲ. ಸೌದಿಯ ಸವಾರರು ಸೌದಿಯಲ್ಲಿ ಓಡಿಸುತ್ತಾರೆ, ಪೆರುವಿನವರು ಪೆರುವಿನಲ್ಲಿ ಓಡಿಸಿದರು.

ಊರಿನವನಾಗಿದ್ದರೆ ಗೆದ್ದೇಬಿಡುತ್ತಾನೆ ಎಂಬ ಮಾತೂ ಪೂರ್ತಿ ನಿಜವಲ್ಲ. ದಕ್ಷಿಣ ಅಮೆರಿಕದಲ್ಲಿ ಡಾಕಾರ್ 11 ಸಲ ನಡೆದರೂ ಬೈಕ್ ವಿಭಾಗದಲ್ಲಿ ಅಲ್ಲಿಯವರು ಒಮ್ಮೆಯೂ ಗೆಲ್ಲಲಿಲ್ಲ. ಸ್ಪೇನ್, ಫ್ರಾನ್ಸ್, ಆಸ್ಟ್ರೇಲಿಯಾ, ಬ್ರಿಟನ್, ಆಸ್ಟ್ರಿಯಾದವರು ಗೆದ್ದರು. ಅರ್ಜೆಂಟೀನಾದ ಕೆವಿನ್ ಬೆನಾವಿಡೆಸ್ 2018ರಲ್ಲಿ ತನ್ನ ದೇಶದಲ್ಲೇ ಮುಗಿದ ರ‍್ಯಾಲಿಯಲ್ಲಿ ಎರಡನೆಯವರಾದರು. ಅವರು ಮೊದಲ ಸಲ ಗೆದ್ದದ್ದು 2021ರಲ್ಲಿ, ಮನೆಯಿಂದ ಬಹಳ ದೂರ, ಸೌದಿಯಲ್ಲಿ. ಬೈಕಿನಲ್ಲಿ ಗೆದ್ದ ಮೊದಲ ದಕ್ಷಿಣ ಅಮೆರಿಕದ ಸವಾರ ಅವರೇ. ಹಾಗಂತ ಊರಿನ ನೆಲದಿಂದ ಲಾಭವೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ನಾಲ್ಕು ಚಕ್ರದ ಕ್ವಾಡ್ ವಿಭಾಗದಲ್ಲಿ ಅರ್ಜೆಂಟೀನಾದ ಪಟ್ರೊನೆಲ್ಲಿ ಸಹೋದರರು ಅದೇ ನೆಲದಲ್ಲಿ ಐದು ಸಲ ಗೆದ್ದಿದ್ದಾರೆ. ಲಾಭ ಇರುತ್ತದೆ. ಆದರೆ ಅದೊಂದರಿಂದಲೇ ಯಾರೂ ಗೆಲ್ಲುವುದಿಲ್ಲ. ಭೈಯ್ಯಾನಿಗೆ ಒಂದು ತಿರುವು ಗೊತ್ತಿತ್ತು. ಉಳಿದ ಇನ್ನೂರು ಕಿ.ಮೀ. ಗಡಿಯಾರ ನೋಡಿಕೊಂಡು ಓಡಿಸಿದವನೂ ಅವನೇ ಅಲ್ಲವೇ?

ನ್ಯಾಯ ಮಾಡುವುದಕ್ಕೆ ಇನ್ನೊಂದು ವಿಧಾನವೂ ಇದೆ. ಚಿಕ್ಕಮಗಳೂರಿನ ಕಾಫಿ ತೋಟಗಳ ಒಳದಾರಿಗಳಲ್ಲಿ ಕಾರ್ ರ‍್ಯಾಲಿಗಳು ನಡೆಯುತ್ತವೆ. ಏಷ್ಯಾ ಪೆಸಿಫಿಕ್ ಮಟ್ಟದ ಸ್ಪರ್ಧೆಯೂ ಅಲ್ಲಿ ನಡೆದಿದೆ. ಆ ತೋಟಗಳಲ್ಲೇ ಬೆಳೆದವರಿಗೆ ಪ್ರತಿ ತಿರುವೂ ಗೊತ್ತಿರುತ್ತದೆ. ಅಂಥ ರ‍್ಯಾಲಿಗಳಲ್ಲಿ ಸ್ಪರ್ಧೆಗೆ ಮೊದಲೇ ಎಲ್ಲರಿಗೂ ದಾರಿ ತೋರಿಸುತ್ತಾರೆ. ನಿಧಾನವಾಗಿ ಹೋಗಿ, ನೋಡಿ, ಬರೆದುಕೊಂಡು ಬರಲು ಅವಕಾಶ ಕೊಡುತ್ತಾರೆ. ಒಂದು ಕಡೆ ಎಲ್ಲರಿಗೂ ದಾರಿ ಮುಚ್ಚಿಡುತ್ತಾರೆ, ಇನ್ನೊಂದು ಕಡೆ ಎಲ್ಲರಿಗೂ ತೋರಿಸುತ್ತಾರೆ. ಎರಡೂ ನ್ಯಾಯವೇ, ಏಕೆಂದರೆ ಶರತ್ತು ಮೊದಲೇ ಗೊತ್ತಿರುತ್ತದೆ, ಎಲ್ಲರಿಗೂ ಒಂದೇ ಆಗಿರುತ್ತದೆ. ಸ್ಪರ್ಧೆ ಮುಗಿದ ಮೇಲೆ ಹೊಸ ಶರತ್ತು ಹುಟ್ಟಿಸುವುದು ಮಾತ್ರ ನ್ಯಾಯವಲ್ಲ.

ನಮ್ಮ ಹಳ್ಳಿಗಳಲ್ಲಿ ಎತ್ತಿನ ಗಾಡಿ ಓಡಿಸುವ ಪಂದ್ಯಕ್ಕೆ ‘ಶರ್ಯತ್ತು’ ಎನ್ನುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ‘ಶರ್ತ್’ ಎಂದರೆ ಕರಾರು. ಎರಡೂ ಒಂದೇ ಮೂಲದ ಮಾತು. ಜಾತ್ರೆಯ ಶರ್ಯತ್ತಿನಲ್ಲಿ ಗಾಡಿ ಬಿಡುವ ಮೊದಲು ಮೈಕಿನಲ್ಲಿ ಎಲ್ಲ ಶರತ್ತುಗಳನ್ನು ಕೂಗಿ ಹೇಳುತ್ತಾರೆ. ಆಮೇಲೆ ಯಾರೂ ‘ಈ ಎತ್ತು ಈ ಊರಿನದು’ ಎಂದು ತಕರಾರು ಮಾಡುವುದನ್ನು ನಾನು ಕೇಳಿಲ್ಲ.

ನಾನು ಕಾಮರ್ಸ್ ವಿದ್ಯಾರ್ಥಿ. ನಮ್ಮ ಬಿಸಿನೆಸ್ ಸ್ಟಡೀಸ್ ಪಾಠದಲ್ಲಿ ಸೆಬಿ ಬಗ್ಗೆ ಓದುತ್ತೇವೆ. 1988ರಲ್ಲಿ ಸ್ಥಾಪನೆಯಾಗಿ 1992ರಲ್ಲಿ ಕಾಯ್ದೆಯ ಅಧಿಕಾರ ಪಡೆದ ಈ ಸಂಸ್ಥೆ ತಡೆಯುವ ಅಕ್ರಮಗಳಲ್ಲಿ ಇನ್‌ಸೈಡರ್ ಟ್ರೇಡಿಂಗ್ ಒಂದು. ಕಂಪನಿಯ ಲಾಭ-ನಷ್ಟ ಹೊರಗೆ ಪ್ರಕಟವಾಗುವ ಮೊದಲೇ ಒಳಗಿನವನು ಅದನ್ನು ತಿಳಿದು ಷೇರು ಕೊಂಡರೆ ಅಪರಾಧ. ಆದರೆ ಒಬ್ಬ ರೈತ ತನ್ನ ಊರಲ್ಲಿ ಯಾವ ಕಂಪನಿಯ ಪಂಪು ಹೆಚ್ಚು ಮಾರಾಟವಾಗುತ್ತಿದೆ ಎಂದು ಕಣ್ಣಾರೆ ನೋಡಿ ಆ ಕಂಪನಿಯ ಷೇರು ಕೊಂಡರೆ ಅದು ಅಪರಾಧವಲ್ಲ. ಅದು ಅವನ ಸ್ವಂತ ಗಮನ.

ರ‍್ಯಾಲಿಗೂ ಇದೇ ಅಳತೆ ಹಿಡಿಯಬಹುದು. ರೋಡ್ ಬುಕ್ ಮಾಡಿದವರು, ಅವರ ಮನೆಯವರು, ಹಿಂದಿನ ದಿನ ಅದನ್ನು ಕದ್ದು ನೋಡಿದವರು ಒಳಗಿನವರು. ಅವರು ಸ್ಪರ್ಧಿಸಬಾರದು. ವರ್ಷಗಟ್ಟಲೆ ಅದೇ ದಾರಿಯಲ್ಲಿ ಹಾಲು ಒಯ್ದವನು ಕಣ್ಣಾರೆ ನೋಡಿದವನು. ಅವನನ್ನು ಹೊರಗಿಡಲು ಕಾರಣವಿಲ್ಲ.

ನಮ್ಮ ಕ್ಲಾಸನ್ನೇ ನೋಡಿ. ಕಿರಾಣಿ ಅಂಗಡಿ ಇರುವ ಮನೆಯಿಂದ ಬಂದವರಿಗೆ ಅಕೌಂಟೆನ್ಸಿ ಬೇಗ ತಲೆಗೆ ಹತ್ತುತ್ತದೆ, ಉದ್ರಿ ಲೆಕ್ಕವನ್ನು ಅವರು ಸಣ್ಣವರಿದ್ದಾಗಿನಿಂದ ನೋಡಿದ್ದಾರೆ. ಉರ್ದು ಶಾಲೆಯಿಂದ ಬಂದ ನನಗೆ ಕನ್ನಡದ ಪ್ರಬಂಧ ಕಷ್ಟವಾಗುತ್ತಿತ್ತು, ಆದರೆ ಜಮಾ, ಖರ್ಚು, ವಸೂಲಿ ಇವೆಲ್ಲ ನಮ್ಮ ಮನೆಯಲ್ಲೂ ದಿನಾ ಆಡುವ ಮಾತುಗಳು. ಪ್ರತಿಯೊಬ್ಬರೂ ಮನೆಯಿಂದ ಏನಾದರೊಂದು ತಿಳಿದುಕೊಂಡೇ ಬಂದಿರುತ್ತಾರೆ. ಅದಕ್ಕಾಗಿ ಯಾವ ಮೇಷ್ಟ್ರೂ ಅಂಕ ಕಡಿತ ಮಾಡುವುದಿಲ್ಲ. ಸಿಲಬಸ್ ಎಲ್ಲರಿಗೂ ಒಂದೇ ಇರಬೇಕು, ಪ್ರಶ್ನೆ ಎಲ್ಲರಿಗೂ ಅರ್ಥವಾಗುವಂತಿರಬೇಕು, ಅಷ್ಟೇ ನಾವು ಕೇಳುವುದು.

ನಮ್ಮೂರಿಗೆ ಹೆಸರು ಬಂದದ್ದೂ ಇಂಥ ತಿಳಿವಳಿಕೆಯಿಂದಲೇ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರು ಸ್ವಂತ ಹಣ ಮತ್ತು ಶ್ರಮ ಹಾಕಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರು. ಈ ನದಿಯನ್ನು ಬೇಸಿಗೆಯಲ್ಲೂ ಮಳೆಗಾಲದಲ್ಲೂ ನೋಡುತ್ತ ಬದುಕಿದವರು ಮುಂದೆ ನಿಂತು ಮಾಡಿದ ಕೆಲಸ ಅದು. ಆ ತಿಳಿವಳಿಕೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ನೆಲದ ಹುಡುಗ ಒಣ ಹಳ್ಳದ ಗುರುತು ಹಿಡಿದರೆ ಮೋಸ ಎನ್ನುವುದು ಹೇಗೆ?

ಇಲ್ಲಿಯವರೆಗೆ ಹೇಳಿದ್ದೆಲ್ಲ ಭೈಯ್ಯಾನ ಪರವಾಗಿದೆ. ಈಗ ನನ್ನ ತಪ್ಪು ಹೇಳುತ್ತೇನೆ.

ಆ ದಿನ ನಾನು ಮತ್ತು ಇಬ್ಬರು ಗೆಳೆಯರು ಎರಡನೇ ಹಳ್ಳದ ಹತ್ತಿರ ಬೇವಿನ ಮರದ ಕೆಳಗೆ ನಿಂತಿದ್ದೆವು. ಭೈಯ್ಯಾ ಆಗಲೇ ದಾಟಿ ಹೋಗಿದ್ದ. ಹುಬ್ಬಳ್ಳಿಯ ಆ ಸವಾರರು ಬಂದು ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಎತ್ತಿ ಕೇಳಿದರು: ‘ತಮ್ಮಾ, ಎರಡನೇ ಹಳ್ಳ ಎಲ್ಲಿ ಬರ‍್ತದ?’ ನಮ್ಮಲ್ಲಿ ಒಬ್ಬ ನದಿಯ ಕಡೆ ಕೈ ತೋರಿಸಿ ‘ಇನ್ನೂ ಮುಂದ ಐತ್ರಿ, ಸೀದಾ ಹೋಗ್ರಿ’ ಎಂದ. ಅವರು ‘ಥ್ಯಾಂಕ್ಸ್ ತಮ್ಮಾ’ ಎಂದು ಹೋದರು. ನಾವು ನಕ್ಕೆವು. ನಾನು ಸುಳ್ಳು ಹೇಳಲಿಲ್ಲ, ಆದರೆ ಬಾಯಿ ಬಿಡಲೂ ಇಲ್ಲ.

ಆ ದಾರಿಯ ಕೊನೆಗೆ ದಂಡೆ ಕುಸಿದಿದೆ. 2019ರ ಪ್ರವಾಹದ ನಂತರ ಅಲ್ಲಿ ಎರೆಮಣ್ಣು ಒಡೆದು ಒಂದಾಳು ಆಳದ ಕೊರಕಲು ಬಿದ್ದಿದೆ. ಎತ್ತಿನ ಗಾಡಿಯವರೂ ಅಲ್ಲಿಗೆ ಹೋಗುವುದಿಲ್ಲ. ಇದು ನನಗೆ ಗೊತ್ತಿತ್ತು. ಅರ್ಧ ಗಂಟೆಯ ನಂತರ ಅವರು ಮರಳಿ ಬಂದಾಗ ಗಾಡಿಯ ಒಂದು ಕನ್ನಡಿ ಇರಲಿಲ್ಲ, ಒಂದು ಕಾಲು ಮೊಣಕಾಲಿನ ತನಕ ಕೆಸರಾಗಿತ್ತು. ನಮ್ಮನ್ನು ಒಮ್ಮೆ ನೋಡಿದರು, ಏನೂ ಅನ್ನದೆ ಎಡಕ್ಕೆ ಹೊರಳಿ ಹೋದರು. ಸಂಜೆ ತಕರಾರು ಮಾಡಿದಾಗಲೂ ಅವರು ರೋಡ್ ಬುಕ್ಕಿನ ವಿಷಯ ಹೇಳಿದರೇ ಹೊರತು ಊರಿನ ಹುಡುಗರು ದಾರಿ ತಪ್ಪಿಸಿದರು ಎಂದು ಹೇಳಲಿಲ್ಲ.

ಡಾಕಾರಿನ ರೋಡ್ ಬುಕ್ಕಿನಲ್ಲಿ ದಾರಿಯನ್ನು ಎಷ್ಟು ಕಠಿಣ ಮಾಡಿದರೂ ಅಪಾಯವನ್ನು ಮುಚ್ಚಿಡುವುದಿಲ್ಲ. ಅಪಾಯದ ಜಾಗಕ್ಕೆ ಒಂದು, ಎರಡು, ಮೂರು ಎಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿರುತ್ತಾರೆ. ಮೂರು ಇದ್ದರೆ ಜೀವಕ್ಕೇ ಅಪಾಯ ಎಂದರ್ಥ. ಅಷ್ಟಾದರೂ ಅಲ್ಲಿ ಜೀವ ಹೋಗುತ್ತದೆ. 2020ರ ಜನವರಿಯಲ್ಲಿ ಭಾರತದ ಹೀರೊ ತಂಡದ ಪೋರ್ಚುಗಲ್ ಸವಾರ ಪಾವ್ಲೊ ಗೊನ್ಸಾಲ್ವೆಸ್ ಸೌದಿಯಲ್ಲಿ ತೀರಿಕೊಂಡರು. ಮರುವರ್ಷ ನಮ್ಮ ಸಂತೋಷ್ ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೋಮಾದಲ್ಲಿ ಇಟ್ಟು ಚಿಕಿತ್ಸೆ ಮಾಡಬೇಕಾಯಿತು. ದೇವರ ದಯೆ, ಅವರು ಚೇತರಿಸಿಕೊಂಡರು. ಅಲ್ಲಿ ಬಿದ್ದವನಿಗೆ ಸಹಾಯ ಮಾಡಲು ನಿಂತ ಸವಾರನಿಗೆ ನಿಂತಷ್ಟು ಸಮಯವನ್ನು ಲೆಕ್ಕದಲ್ಲಿ ಮರಳಿ ಕೊಡುತ್ತಾರೆ. ಪ್ರತಿಸ್ಪರ್ಧಿಯೇ ನಿಂತು ಎತ್ತುವ ಆಟದಲ್ಲಿ, ದಾರಿಯ ಬದಿ ನಿಂತ ನಾವು ಒಬ್ಬರನ್ನು ಕೊರಕಲಿನ ಕಡೆ ಕಳುಹಿಸಿದೆವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ದಾರಿ ಗೊತ್ತಿರುವುದು ಮೋಸವಲ್ಲ. ಗೊತ್ತಿದ್ದು ತಪ್ಪು ದಾರಿ ತೋರಿಸುವುದು ಮೋಸ. ಅಪಾಯ ಗೊತ್ತಿದ್ದೂ ಸುಮ್ಮನಿರುವುದು ಅದಕ್ಕಿಂತ ಕೆಟ್ಟದ್ದು.

ಮುಂದಿನ ಸಲ ರ‍್ಯಾಲಿ ನಡೆಸುವವರಿಗೆ ನಾಲ್ಕು ವಿನಂತಿ. ಒಂದು, ಸ್ಥಳೀಯರಿಗೆ ಬೇರೆ ನಿಯಮ ಇದ್ದರೆ ಅದನ್ನು ಪ್ರವೇಶ ಪತ್ರದಲ್ಲೇ ಬರೆಯಿರಿ, ಬೇರೆ ವಿಭಾಗ ಮಾಡುವುದಿದ್ದರೆ ಮೊದಲೇ ಮಾಡಿ. ಎರಡು, ರೋಡ್ ಬುಕ್ ಸಿದ್ಧವಾದ ಮೇಲೆ ಈ ಭಾಗ ನೋಡಿರದ ಒಬ್ಬರ ಕೈಗೆ ಕೊಟ್ಟು ಓಡಿಸಿ ನೋಡಿ, ಅವರು ದಾರಿ ತಪ್ಪಿದ ಜಾಗವನ್ನು ತಿದ್ದಿ. ಮೂರು, ರೋಡ್ ಬುಕ್ ಮಾಡಿದವರು ಮತ್ತು ಅವರ ಮನೆಯವರು ಸ್ಪರ್ಧಿಸದಿರಲಿ. ನಾಲ್ಕು, ಅಪಾಯದ ಜಾಗಗಳನ್ನು ಗುರುತಿಸಲು ಊರಿನ ರೈತರನ್ನು, ಟ್ರ್ಯಾಕ್ಟರ್ ಓಡಿಸುವವರನ್ನು ಕೇಳಿ, ತಿಳಿದದ್ದನ್ನು ಎಲ್ಲ ಸವಾರರಿಗೂ ಹೇಳಿ.

ನಮ್ಮ ಕಾಲೇಜಿನ ಹುಡುಗರಿಗೆ ಒಂದೇ ಮಾತು. ರಸ್ತೆಯ ಬದಿ ನಿಂತು ನೋಡುವಾಗ ನಾವೂ ಆ ಸ್ಪರ್ಧೆಯ ಒಂದು ಭಾಗ. ಯಾರಾದರೂ ಕೇಳಿದರೆ ಗೊತ್ತಿದ್ದರೆ ನಿಜ ಹೇಳೋಣ, ಹೇಳಬಾರದು ಎಂಬ ನಿಯಮ ಇದ್ದರೆ ‘ಹೇಳುವ ಹಾಗಿಲ್ಲರಿ’ ಎನ್ನೋಣ. ಸುಳ್ಳು ಬೇಡ.

ನಾನು ಇದನ್ನೆಲ್ಲ ಭೈಯ್ಯಾನಿಗೆ ಹೇಳಿದೆ. ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಅವರಿಗೆ ಅರ್ಧ ಗಂಟೆ ನಷ್ಟವಾಗದಿದ್ದರೆ ಯಾರು ಮೊದಲು ಬರುತ್ತಿದ್ದರೋ ಯಾರಿಗೆ ಗೊತ್ತು, ನೀನು ಸಂಘಟಕರಿಗೆ ಬರೆದು ತಿಳಿಸು ಎಂದ. ನಾವು ಮೂವರೂ ಸಹಿ ಮಾಡಿ ಪತ್ರ ಕಳುಹಿಸಿದ್ದೇವೆ. ಬಹುಮಾನ ಯಾರಿಗೆ ಎನ್ನುವುದನ್ನು ಅವರೇ ನಿರ್ಧರಿಸಲಿ. ಭೈಯ್ಯಾನದು ತಪ್ಪಿಲ್ಲ, ತಪ್ಪು ಬೇವಿನ ಮರದ ಕೆಳಗೆ ನಿಂತವರದು ಎಂದು ಅದರಲ್ಲಿ ಬರೆದಿದ್ದೇವೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ